ಎರಡು ಸುತ್ತಿಗೊಂದು ಗೆರೆ

ನನ್ನ ಸೊಸೆ ಬಾಡಿಗೆ ಕಾರು ಓಡಿಸುತ್ತಾಳೆ. ಮುಂದಿನ ಶಾಕ್ ಅಬ್ಸಾರ್ಬರುಗಳು ಕೆಟ್ಟು ಕಾರು ಗುಂಡಿ ಗುಂಡಿಗೂ ಕುಪ್ಪಳಿಸುತ್ತಿತ್ತು. ಬೆನ್ನು ಆಪರೇಷನ್ ಆಗಿದ್ದ ನಮ್ಮ ಬೀದಿಯ ಮೇಷ್ಟ್ರನ್ನು ಮರುದಿನ ಆಸ್ಪತ್ರೆಗೆ ತೋರಿಸಲು ಕರೆದೊಯ್ಯಬೇಕಿತ್ತು. ಅವಳು ಅಂಗಳದಲ್ಲೇ ಚಕ್ರ ಬಿಚ್ಚಿದಳು.

ಮೂಲೆ ಗ್ಯಾರೇಜಿನ ಮೇಸ್ತ್ರಿ ಗೇಟಿಗೆ ಒರಗಿ ನಿಂತ. "ಮಿಷನ್ ಇಲ್ದೆ ಆಗೋ ಕೆಲಸ ಅಲ್ಲಮ್ಮ."

"ಕೈ ಇದೆಯಲ್ಲಣ್ಣ, ನೋಡೋಣ."

ಹಳೆ ಶಾಕ್ ಅಬ್ಸಾರ್ಬರು ತೆಗೆಯಲು ಅದರ ಸುತ್ತಲಿನ ಬಿಗಿಯಾದ ಸ್ಪ್ರಿಂಗನ್ನು ಎಡಬಲ ಎರಡು ಕಡೆಯಿಂದಲೂ ಸ್ಕ್ರೂ ತಿರುಗಿಸಿ ಸಮನಾಗಿ ಅಮುಕಬೇಕು. ಒಂದು ಕಡೆ ಹೆಚ್ಚಾದರೆ ಅದು ಚಿಮ್ಮಿ ಕೈಯನ್ನೇ ಮುರಿಯುತ್ತದೆ. ಎಣಿಕೆ ನನ್ನ ಪಾಲಿಗೆ ಬಂತು. ನನಗೆ ಓದುಬರಹ ಅಷ್ಟಕ್ಕಷ್ಟೇ. ಹಾಗಾಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಎರಡು ಸುತ್ತಿಗೊಂದರಂತೆ ನೆಲದ ಮೇಲೆ ಗೆರೆ ಎಳೆದೆ, ಎಡಕ್ಕೆ ಬೇರೆ, ಬಲಕ್ಕೆ ಬೇರೆ.

"ನಿಲ್ಲಮ್ಮ, ಬಲಕ್ಕೆ ಒಂದು ಗೆರೆ ಜಾಸ್ತಿ ಆಯ್ತು."

"ಇಲ್ಲ ಅತ್ತೆ, ಸರಿಯಾಗೇ ಇದೆ."

ಆದರೂ ಬಗ್ಗಿ ಗೆರೆ ನೋಡಿದಳು. ವಾದ ಮಾಡದೆ ಎರಡು ಸುತ್ತು ಹಿಂದಕ್ಕೆ ಬಿಚ್ಚಿದಳು.

ಸಂಜೆ ಎರಡೂ ಚಕ್ರಗಳಿಗೆ ಹೊಸ ಶಾಕ್ ಅಬ್ಸಾರ್ಬರು ಕೂರಿಸಿ ಮುಗಿದಾಗ ಮೇಸ್ತ್ರಿ ಬಂದು ಬಾನೆಟ್ಟನ್ನು ಒತ್ತಿ ಬಿಟ್ಟ. ಕಾರು ಒಮ್ಮೆ ಎದ್ದು ಸುಮ್ಮನಾಯಿತು. ಅವನು ಇನ್ನೊಮ್ಮೆ ಒತ್ತಿದ.

"ನನ್ ಗ್ಯಾರೇಜಿಗೆ ಬಂದ್ಬಿಡಮ್ಮ."

"ಅತ್ತೇನೂ ಕರೀರಿ, ಲೆಕ್ಕ ಅವ್ರದ್ದೇ."

ಮರುದಿನ ಮೇಷ್ಟ್ರು ದಾರಿಯುದ್ದಕ್ಕೂ ಗೊರಕೆ ಹೊಡೆದರಂತೆ.