ಸಂಬಂಧದ ಕಾಲಂನಲ್ಲಿ ಸಿಗ್ನಲ್‌ಮ್ಯಾನ್

ಕ್ಲಾಂಗ್ ಬಂದರಿನಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತರಾದ ಸಿರಾಜರಿಗೆ ದೇವನು ದಯಪಾಲಿಸಿದ ದೊಡ್ಡ ಸಂಪತ್ತೆಂದರೆ ಅವರ ದನಿ. ಸುರತ್ಕಲ್ಲಿನ ಕಡಲಗಾಳಿಯಲ್ಲಿ ಬೆಳೆದು, ಪಣಂಬೂರಿನ ಬಂದರಿನಲ್ಲಿ ಪಳಗಿ, ಮಲೇಷ್ಯಾಕ್ಕೆ ಬಂದು ಮಾಗಿದ ದನಿ ಅದು. ಅವರ ಹುದ್ದೆಯ ಹೆಸರು ಸಿಗ್ನಲ್‌ಮ್ಯಾನ್. ಹಡಗಿನ ಡೆಕ್ಕಿನ ಮೇಲೆ ನಿಂತು, ಹನ್ನೆರಡು ಅಂತಸ್ತಿನಷ್ಟು ಎತ್ತರದ ಕ್ರೇನಿನ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಅವನ ಕಣ್ಣಿಗೆ ಬೀಳದ ಮೂಲೆಗಳನ್ನು ವಾಕಿಟಾಕಿಯಲ್ಲಿ ಹೇಳುತ್ತ ಹೋಗುವುದು ಅವರ ಹೊಣೆ. ಆ ಕ್ಯಾಬಿನ್ನಿನಲ್ಲಿ ಹತ್ತೊಂಬತ್ತು ವರ್ಷ ಕುಳಿತವರು ಗದಗದ ನರಸಿಂಹರು.

ಆ ಕೆಲಸಕ್ಕೊಂದು ಕಟ್ಟಳೆಯಿದೆ. ಹೊರೆ ಗಾಳಿಯಲ್ಲಿ ನೇತಾಡುತ್ತಿರುವ ತನಕ ಸಿಗ್ನಲ್‌ಮ್ಯಾನ್ ದನಿ ನಿಲ್ಲಿಸಕೂಡದು. ದನಿ ನಿಂತರೆ ಕ್ರೇನ್ ಇದ್ದಲ್ಲೇ ನಿಲ್ಲಬೇಕು. ಸಿರಾಜರು ಇದನ್ನು ಬಂದರಿನ ನಿಯಮವೆಂದಷ್ಟೇ ತಿಳಿದವರಲ್ಲ. ಅವರ ಪಾಲಿಗೆ ಅದು ಅಮಾನತ್. ದೇವನು ನಂಬಿ ಕೈಗೆ ಒಪ್ಪಿಸಿದ್ದು, ಒಂದು ದಿನ ತಾನೇ ಕೇಳಿ ಹಿಂಪಡೆಯುವಂಥದ್ದು.

ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ನರಸಿಂಹರ ಎರಡೂ ಕಣ್ಣುಗಳನ್ನು ಕಸಿದುಕೊಂಡಿತು. ಅದುವರೆಗೆ ಗೆಳೆಯರಿಬ್ಬರೂ ಶನಿವಾರ ಸಂಜೆಗಳನ್ನು ಕಳೆದದ್ದು ಬಂದರಿನ ವಸತಿಗಳ ಹಿಂದಿನ ಕಾಲೇಜಿನ ಫುಟ್ಬಾಲ್ ಮೈದಾನದಲ್ಲಿ, ಕಾಲೇಜು ತಂಡದ ಆಟ ನೋಡುತ್ತ. ಕಣ್ಣು ಹೋದ ಮೇಲೆ ನರಸಿಂಹರು, "ಇನ್ನ ನಾ ಯಾಕ ಬರ್ಲಿ? ಕತ್ತಲ್ಯಾಗ ಕುಂದ್ರಾಕ?" ಎಂದು ಮುಖ ತಿರುಗಿಸಿದರು.

"ಕ್ಯಾಬಿನ್ನಲ್ಲಿ ಕೂತಾಗ ಹಡಗಿನ ಹೊಟ್ಟೆ ಕಾಣ್ತಿತ್ತಾ ನಿನಗೆ? ಇಲ್ಲ ಅಲ್ವಾ? ಆದ್ರೂ ಕೆಲಸ ನಡೀಲಿಲ್ವಾ ಮಾರಾಯ?" ಎಂದರು ಸಿರಾಜರು. "ಏಳು, ಚಪ್ಪಲಿ ಹಾಕು."

ಅಂದಿನಿಂದ ಸಿರಾಜರು ಮೈದಾನವನ್ನೇ ಹಡಗು ಮಾಡಿಕೊಂಡರು. ಹಡಗಿನ ಉದ್ದವನ್ನು ಬಂದರಿನವರು 'ಬೇ'ಗಳಾಗಿ ಭಾಗಿಸಿ ಎಣಿಸುತ್ತಾರೆ. ಹಾಗೆಯೇ ಮೈದಾನಕ್ಕೂ ಇಪ್ಪತ್ತು ಬೇ. ಪೂರ್ವದ ಹುಲ್ಲಿನ ದಿಬ್ಬದ ಮೇಲೆ ಚಾಪೆ ಹಾಸಿ ಕುಳಿತರೆ, ಎಡತುದಿಯಲ್ಲಿ ಕಾಲೇಜಿನ ಸುರಾವ್, ಅಂದರೆ ಚಿಕ್ಕ ಪ್ರಾರ್ಥನಾ ಮಂದಿರ. ಆ ಕಡೆಯ ಗೋಲು ಬೇ ಒಂದು. ಚೆಂಡು ಯಾರ ಕಾಲಲ್ಲಿದೆ ಎಂದು ಸಿರಾಜರು ಹೇಳುತ್ತಿರಲಿಲ್ಲ. ಹೊರೆ ಯಾವ ಬೇಯಲ್ಲಿದೆ, ತಮಗೆ ಹತ್ತಿರದ ಬದಿಯಲ್ಲೋ ದೂರದ ಬದಿಯಲ್ಲೋ ಎಂಬುದಷ್ಟೇ ಅವರ ಮಾತು. "ಬೇ ಒಂಬತ್ತು, ಹತ್ತಿರ. ಬೇ ಏಳು. ಬೇ ನಾಲ್ಕು, ದೂರ, ಮೇಲೆ ಹೋಯ್ತು, ಇಳೀತಾ ಉಂಟು..." ಮಿಕ್ಕದ್ದನ್ನು ನರಸಿಂಹರು ಜನರ ಕೂಗಿನಿಂದ ತಾವೇ ಅರಿಯುತ್ತಿದ್ದರು. ಅವರ ಮುಖದಲ್ಲಿ ಆಗ ಬರುತ್ತಿದ್ದ ಬೆಳಕನ್ನು ಕಂಡವರು, ಕಾಣುವುದೆಂಬುದು ಬರೀ ಕಣ್ಣಿನ ಕೆಲಸವೆಂದು ಮತ್ತೆ ಹೇಳಲಾರರು.

ಹೀಗಿರಲು ಕಾಲೇಜಿನವರು ಮೈದಾನವನ್ನು ನವೀಕರಿಸಿದರು. ಹದಿನೆಂಟು ತಿಂಗಳು ತಗಡಿನ ಬೇಲಿಯ ಹಿಂದೆ ಯಂತ್ರಗಳು ಗುಡುಗಿದವು. ಬೇಲಿ ಕಳಚಿದಾಗ ಹುಲ್ಲಿನ ದಿಬ್ಬ ಇರಲಿಲ್ಲ. ಅಲ್ಲಿ ಆಟ ತೋರಿಸುವ ದೊಡ್ಡ ಪರದೆ ನಿಂತಿತ್ತು. ಎದುರಿನ ಪಶ್ಚಿಮಕ್ಕೆ ಚಾವಣಿಯುಳ್ಳ ಕಾಂಕ್ರೀಟ್ ಮೆಟ್ಟಿಲುಗಳು, ಸಂಖ್ಯೆ ಹಚ್ಚಿದ ನೀಲಿ ಕುರ್ಚಿಗಳು, ಮೊಬೈಲಿನಲ್ಲಿ ತೋರಿಸಬೇಕಾದ ಟಿಕೆಟ್. ನಿಂದಿಸುವ ಆತುರ ಬೇಡ, ಸತ್ಯವನ್ನೇ ನುಡಿಯೋಣ: ಮಳೆಯಲ್ಲಿ ಈಗ ಯಾರೂ ನೆನೆಯುವುದಿಲ್ಲ, ಹೆಂಗಸರಿಗೆ ಶುಚಿಯಾದ ಶೌಚಾಲಯವಿದೆ, ಊರುಗೋಲಿನವರಿಗೆ ಇಳಿಜಾರು ದಾರಿಯಿದೆ. ಕಟ್ಟಿದವರ ಮನಸ್ಸು ಕೆಟ್ಟದ್ದಲ್ಲ. ಆದರೆ ಅವರು ಕುಳಿತುಕೊಳ್ಳುವ ದೇಹಗಳನ್ನು ಎಣಿಸಿದರು. ಒಬ್ಬರ ಪಕ್ಕದಲ್ಲಿ ಒಬ್ಬರು ಏಕೆ ಕುಳಿತಿದ್ದಾರೆಂದು ಕೇಳಲಿಲ್ಲ.

ಮೊದಲ ಶನಿವಾರವೇ ಬಾಗಿಲಲ್ಲಿ ತಕರಾರು ಶುರುವಾಯಿತು. ನರಸಿಂಹರ ಮಡದಿ ರತ್ನಮ್ಮ ಕಟ್ಟಿಕೊಟ್ಟಿದ್ದ ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನು ಕಾವಲುಗಾರ ತಡೆದ. ಹೊರಗಿನ ತಿನಿಸಿಗೆ ಒಳಗೆ ಅವಕಾಶವಿಲ್ಲ, ಕಸದ ತೊಟ್ಟಿಗೆ ಹಾಕಿ ಎಂದ.

"ಅನ್ನ ತೊಟ್ಟಿಗಾ?" ಎಂದ ಸಿರಾಜರು ಡಬ್ಬಿಯ ಮುಚ್ಚಳ ತೆರೆದರು. "ನರಸಿಂಹ, ಬಾಯಿ ತೆರೆ."

ಇಬ್ಬರೂ ಬಾಗಿಲಿಗೆ ಅಡ್ಡ ನಿಂತು, ಹಿಂದಿನವರ ಗೊಣಗಾಟವನ್ನು ಲೆಕ್ಕಿಸದೆ, ಕೊನೆಯ ಕಡಲೆಬೀಜದವರೆಗೂ ತಿಂದು ಮುಗಿಸಿ, ಖಾಲಿ ಡಬ್ಬಿಯನ್ನು ಕಾವಲುಗಾರನಿಗೆ ತೋರಿಸಿ ಒಳಗೆ ನಡೆದರು.

ಅಂಗವಿಕಲರಿಗೆಂದು ಮೀಸಲಿಟ್ಟ ಅಂಗಳದಲ್ಲಿ ನರಸಿಂಹರಿಗೆ ಕುರ್ಚಿ ಸಿಕ್ಕಿತು. ಸಿರಾಜರ ಟಿಕೆಟ್ ಇದ್ದದ್ದು ಮೇಲಿನ ಇಪ್ಪತ್ತೆರಡನೆಯ ಸಾಲಿನಲ್ಲಿ. ಅವರು ಅಲ್ಲಿಗೆ ಹೋಗದೆ ಗೆಳೆಯನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ಎಂದಿನಂತೆ ಎಡದಿಂದ ಎಣಿಸತೊಡಗಿದರು. ಎಡವಿದ್ದು ಅಲ್ಲಿಯೇ. ಪೂರ್ವದಿಂದ ಪಶ್ಚಿಮಕ್ಕೆ ಬಂದವರಿಗೆ ಎಡ ಬಲಗಳು ಅದಲುಬದಲಾಗಿದ್ದವು. ಸಿರಾಜರ ಬಾಯಿಯ ಬೇ ಒಂದು ಈಗ ತಮ್ಮ ತಂಡವೇ ಕಾಯುತ್ತಿದ್ದ ಗೋಲು. ನರಸಿಂಹರ ಮನಸ್ಸಿನ ಬೇ ಒಂದು ಮಾತ್ರ ಇನ್ನೂ ಸುರಾವಿನ ಬದಿಯಲ್ಲೇ, ತಮ್ಮವರು ನುಗ್ಗಬೇಕಾದ ತುದಿಯಲ್ಲೇ ಇತ್ತು. ಸ್ಪೀಕರುಗಳ ಸಂಗೀತದಲ್ಲಿ ಜನರ ಕೂಗು ಯಾವ ಬಗೆಯದೆಂದು ತಿಳಿಯುವಂತಿರಲಿಲ್ಲ.

"ಬೇ ಮೂರು... ಬೇ ಎರಡು... ಬೇ ಒಂದು, ಒಳಗೆ ಹೋಯ್ತು!"

"ಹೊಡದ್ವಲೇ!" ನರಸಿಂಹರು ಚಂಗನೆ ಎದ್ದು, ಕೋಲನ್ನು ಆಕಾಶಕ್ಕೆತ್ತಿ ಕುಣಿದರು.

ಎದುರಾಳಿ ಹೊಡೆದ ಗೋಲಿಗೆ ಕುಣಿಯುವ ಮುದುಕನನ್ನು ಕಂಡು ಹಿಂದಿನ ಸಾಲುಗಳು ಸಿಳ್ಳೆ ಹೊಡೆದು ಛೀಮಾರಿ ಹಾಕಿದವು. ಗಲಾಟೆಗೆ ಓಡಿಬಂದ ಕಾವಲುಗಾರನಿಗೆ ಮೊದಲು ಕಂಡದ್ದು ಆ ಅಂಗಳದ ಪಾಸಿಲ್ಲದೆ ನೆಲದಲ್ಲಿ ಕುಳಿತಿದ್ದ ಸಿರಾಜರು. ಅವರನ್ನು ಇಪ್ಪತ್ತೆರಡನೆಯ ಸಾಲಿಗೆ ಕಳುಹಿಸಿಯೇ ಅವನು ಉಸಿರುಬಿಟ್ಟ. ಅಲ್ಲಿಂದ ಸಿರಾಜರು ಆಟವನ್ನು ನೋಡಲಿಲ್ಲ. ಕೆಳಗಿನ ಅಂಗಳದಲ್ಲಿ ಕೋಲಿನ ಮೇಲೆ ಗಲ್ಲವೂರಿ, ಅಲುಗದೆ, ಒಂದು ಗಂಟೆ ಕುಳಿತಿದ್ದ ಗೆಳೆಯನ ಬೆನ್ನನ್ನು ನೋಡಿದರು. ದನಿ ನಿಂತಿತ್ತು. ಕ್ರೇನ್ ನಿಂತಿತ್ತು.

ಹೊರಬಂದಾಗ ನರಸಿಂಹರು, "ನಾ ಇನ್ನ ಬರಂಗಿಲ್ಲ, ಸಿರಾಜಾ" ಎಂದರು. ಸಿಟ್ಟಿಲ್ಲದೆ ಹೇಳಿದರು. ಅದೇ ಸಿರಾಜರನ್ನು ಇರಿದದ್ದು.

ಅಂಗವಿಕಲರ ಪಕ್ಕದಲ್ಲಿ ಕೂರಲು ಸಹಾಯಕನ ಪಾಸಿಗೆ ಅರ್ಜಿ ಹಾಕಬಹುದೆಂದು ತಿಳಿದು, ಸೋಮವಾರವೇ ಸಿರಾಜರು ಮೈದಾನದ ಕಚೇರಿಗೆ ಹೋದರು. ಅಲ್ಲಿನ ಮ್ಯಾನೇಜರ್ ಮದೀಹಾ, ಬೆಂಗಳೂರಿನ ತಂದೆತಾಯಿಗೆ ಹುಟ್ಟಿ ಮಲೇಷ್ಯಾದ ಪುತ್ರಜಯಾದಲ್ಲಿ ಬೆಳೆದ ಮೂವತ್ತರ ಹೆಣ್ಣುಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅರ್ಜಿಯಲ್ಲಿ 'ಸಂಬಂಧ' ಎಂಬ ಕಾಲಂ. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು; ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಸಿರಾಜರು ಯಾವುದಕ್ಕೂ ಗುರುತು ಹಾಕದೆ, ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ 'ಸಿಗ್ನಲ್‌ಮ್ಯಾನ್' ಎಂದು ಬರೆದರು. ನಾಲ್ಕು ದಿನಕ್ಕೆ ಉತ್ತರ ಬಂತು: ಅರ್ಜಿ ತಿರಸ್ಕೃತವಾಗಿದೆ.

ಮರುದಿನ ಶನಿವಾರ. ಸಿರಾಜರು ಗೆಳೆಯನ ಮನೆಯ ಬಾಗಿಲಲ್ಲಿ ನಿಂತರು. ಬಗಲಲ್ಲಿ ದಿಬ್ಬದ ಕಾಲದ ಹಳೆಯ ಚಾಪೆಯ ಸುರುಳಿ.

"ನಾ ಹೇಳೇನಲ್ಲ, ಬರಂಗಿಲ್ಲ ಅಂತ."

"ಹೊರೆ ಎತ್ತಿ ಆಗಿದೆ. ನೇತಾಡ್ತಾ ಉಂಟು. ಈಗ ಕ್ಯಾಬಿನ್ ಬಿಟ್ಟು ಇಳೀತೀಯಾ ನೀನು?"

ನರಸಿಂಹರು ಕೋಲಿಗೆ ಕೈ ಚಾಚಿದರು. "ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ ಬಿಡಪಾ" ಎಂದು ಗೊಣಗಿ ಚಪ್ಪಲಿ ತಡಕಿದರು.

ಆಟ ಶುರುವಾಗುವ ಮುನ್ನ ಸಿರಾಜರು ಆ ಅಂಗಳದ ಕಾಂಕ್ರೀಟಿನ ಮೇಲೆ ಚಾಪೆ ಬಿಚ್ಚಿ, ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ, ಅಲ್ಲಿಯೇ ಚಕ್ಕಳಮಕ್ಕಳ ಹಾಕಿ ಕುಳಿತರು. ಈ ಸಲ ಬಲದಿಂದ ಎಣಿಸಿದರು. ಸುರಾವಿನ ಗೋಲೇ ಬೇ ಒಂದು. ಹಿಂದಿನ ವಾರದ ತಪ್ಪಿಗೆ ಗೆಳೆಯನಲ್ಲಿ ಮೂರು ಸಲ ಕ್ಷಮೆ ಕೇಳಿಯೂ ಆಗಿತ್ತು. ಕಾವಲುಗಾರ ಬಂದ, ಅವನ ಹಿಂದೆ ಮದೀಹಾ ಬಂದಳು. ಆಗ ಚೆಂಡು ಉರುಳುತ್ತಿತ್ತು. ಉರುಳುವ ಚೆಂಡು ನೇತಾಡುವ ಹೊರೆ.

"ಅಂಕಲ್, ಪ್ಲೀಸ್, ಯು ಕಾಂಟ್ ಸಿಟ್ ಹಿಯರ್ ಲಾ."

"ಬೇ ಹನ್ನೊಂದು, ಹತ್ತಿರ. ಅಸ್ಸಲಾಮು ಅಲೈಕುಂ, ಮಗಳೇ. ಬೇ ಹತ್ತು."

"ವಅಲೈಕುಮುಸ್ಸಲಾಂ. ಅಂಕಲ್, ರೂಲ್ಸ್ ಆರ್ ರೂಲ್ಸ್. ನೋ ಸ್ಟ್ಯಾಂಡಿಂಗ್, ನೋ ಎಕ್ಸ್‌ಟ್ರಾ ಚೇರ್..."

"ಬೇ ಎಂಟು. ನಾನು ನಿಂತಿಲ್ಲ. ಕುರ್ಚಿ ಕೇಳಿಲ್ಲ. ಬೇ ಏಳು, ದೂರ. ಚಾಪೆ ಬೇಡ ಅಂತ ಯಾವ ಬೋರ್ಡಲ್ಲಿ ಬರ್ದಿದೆ ತೋರಿಸು, ಏಳ್ತೇನೆ. ಮತ್ತೆ ಬೇ ಒಂಬತ್ತು, ಛೆ!"

"ಅಂಕಲ್, ಗಾರ್ಡ್ಸ್ ನಿಮ್ಮನ್ನ ಎತ್ಕೊಂಡು ಹೋಗ್ತಾರೆ!" ರೇಗಿದಾಗ ಮದೀಹಾಳ ಬಾಯಿಯಿಂದಲೂ ಕನ್ನಡ ಬಂದುಬಿಟ್ಟಿತು.

"ಎತ್ತಲಿ. ಎತ್ತುವಾಗಲೂ ಹೇಳ್ತಾ ಇರ್ತೇನೆ. ಬೇ ಆರು, ಮೇಲೆ ಹೋಯ್ತು."

ನರಸಿಂಹರು ಕುರ್ಚಿಯಿಂದ ಎದ್ದರು. ಕೋಲನ್ನು ಬದಿಗಿಟ್ಟು, ಕೈಯಿಂದ ನೆಲ ತಡಕಿ, ಮೊಣಕಾಲು ನೋವಿಗೆ ನರಳುತ್ತ ಚಾಪೆಯ ಮೇಲೆ ಕುಳಿತರು. "ಎತ್ತೋದಾದ್ರ ಇಬ್ಬರನ್ನೂ ಎತ್ತವಾ. ತೂಕ ನೋಡ್ಕೊಂಡು ಎತ್ತು. ನಾ ಒಬ್ಬನ ತೊಂಬತ್ತು ಕಿಲೋ ಅದೀನಿ."

ಅಷ್ಟರಲ್ಲಿ ಗೋಲು ಬಿತ್ತು. ತಲೆಯ ಮೇಲಿನ ಸ್ಪೀಕರು ಕಿವಿ ಹರಿಯುವಂತೆ ಅಬ್ಬರಿಸಿತು. ಸಿರಾಜರ ದನಿ ಅದರಲ್ಲಿ ಮುಳುಗಿಹೋಯಿತು. ಆದರೆ ಬಂದರಿನಲ್ಲಿ ವಾಕಿಟಾಕಿ ಕೆಟ್ಟ ದಿನವೇನು ಕೆಲಸ ನಿಂತಿತ್ತೇ? ಅಂಥ ದಿನಗಳಿಗೆಂದು ಕೈಸನ್ನೆಗಳಿದ್ದವು. ಸಿರಾಜರು ಗೆಳೆಯನ ಅಂಗೈಯನ್ನು ಬಿಡಿಸಿ ಹಿಡಿದು, ಅದರ ಮಧ್ಯಕ್ಕೆ ಬೆರಳಿನಿಂದ ಒಂದೇ ಒಂದು ಸಲ ಬಲವಾಗಿ ಒತ್ತಿದರು. ಬೇ ಒಂದು. ಬಳಿಕ ಆ ಅಂಗೈಯನ್ನು ಮುಷ್ಟಿಯಾಗಿ ಮುಚ್ಚಿದರು. ಹೊರೆ ಇಳಿಯಿತು, ನಮ್ಮ ಜಾಗದಲ್ಲಿ.

ನರಸಿಂಹರು ತಲೆಯೆತ್ತಿ ನಕ್ಕರು. ಯಾವ ಸ್ಪೀಕರಿಗೂ ಮುಟ್ಟಲಾಗದ ಜಾಗದಿಂದ ಬಂದ ನಗು ಅದು. ಕಾವಲುಗಾರ ಮದೀಹಾಳ ಮುಖ ನೋಡಿದ. ಮದೀಹಾ ಆ ಮುಚ್ಚಿದ ಮುಷ್ಟಿಯನ್ನು ನೋಡುತ್ತಿದ್ದಳು. ಅವನನ್ನು ಕರೆದುಕೊಂಡು ಹೊರಟುಹೋದಳು.

ಆಟ ಮುಗಿದು ಜನ ಕರಗಿದ ಮೇಲೆ ಅವಳು ಹೊಸದೊಂದು ಅರ್ಜಿಯೊಂದಿಗೆ ಮರಳಿದಳು. ಅವಳ ದನಿ ತಗ್ಗಿತ್ತು. "ಅಂಕಲ್, ಕಮಿಟಿ ನನ್ನ ಮಾತು ಕೇಳಲ್ಲ. ಇಲ್ಲಿ ಬ್ರದರ್ ಅಂತ ಟಿಕ್ ಮಾಡಿ, ಅಷ್ಟೇ. ಯಾರೂ ಚೆಕ್ ಮಾಡಲ್ಲ. ಪ್ರಾಮಿಸ್."

ಒಂದು ಗೆರೆ ಎಳೆದರೆ ಸಾಕಿತ್ತು. ಪಾಸು ಕೈಗೆ ಬರುತ್ತಿತ್ತು, ಎಲ್ಲ ಶನಿವಾರಗಳೂ ನೆಟ್ಟಗಾಗುತ್ತಿದ್ದವು. ಸಿರಾಜರು ಪೆನ್ನು ತೆಗೆದುಕೊಂಡು ಆ ಚೌಕವನ್ನು ನೋಡಿದರು.

"ಟಿಕ್ ಹೊಡಿಯಲೇ" ಎಂದರು ನರಸಿಂಹರು. "ತಮ್ಮಗಿಂತ ಏನು ಕಡಿಮಿ ಅದೀಯಾ ನೀನು?"

"ಕಡಿಮೆ ಅಲ್ಲ, ಮಾರಾಯ. ಆದ್ರೆ ನಿಜ ಅಲ್ಲ. ಇಷ್ಟು ವರ್ಷ ಈ ಬಾಯಿ ನಿನಗೆ ಒಂದೇ ಒಂದು ಸುಳ್ಳು ಬೇ ಹೇಳಿಲ್ಲ. ಹೋದ ವಾರದ್ದು ಸುಳ್ಳಲ್ಲ, ತಪ್ಪು. ಸುಳ್ಳು ಹೇಳಿ ಪಡೆದ ಜಾಗದಲ್ಲಿ ಕೂತು ನಾನು ಏನು ಹೇಳಿದ್ರೂ, ಅದನ್ನು ನೀನು ಹೇಗೆ ನಂಬುದು?" ಬಳಿಕ ಮದೀಹಾಳತ್ತ ತಿರುಗಿದರು. "ಮಗಳೇ, ನಿನ್ನ ಮನಸ್ಸು ದೊಡ್ಡದು. ಅಲ್ಲಾಹನು ನಿನಗೆ ಒಳ್ಳೇದು ಮಾಡಲಿ. ಆದ್ರೆ ನಿಮ್ಮ ಕಾಗದದಲ್ಲಿ ನಮಗೆ ಜಾಗ ಇಲ್ಲದಿದ್ರೆ, ತಪ್ಪು ಕಾಗದದ್ದು. ನಮ್ಮದಲ್ಲ."

ಎಂದು ನುಡಿದು, ಅಂಚಿನ ಬಿಳಿಯ ಜಾಗದಲ್ಲಿ, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ, ಮತ್ತೆ 'ಸಿಗ್ನಲ್‌ಮ್ಯಾನ್' ಎಂದೇ ಬರೆದರು.

ಆ ಅರ್ಜಿ ಇಂದಿಗೂ ಕಮಿಟಿಯ ಮೇಜಿನ ಮೇಲಿದೆ. ಒಪ್ಪಿದ್ದೇವೆ ಎಂದೂ ಬಂದಿಲ್ಲ, ಇಲ್ಲ ಎಂದೂ ಬಂದಿಲ್ಲ. ಈಚೆಗೆ ಗೋಡೆಗೆ ಒಂದು ಹೊಸ ಬೋರ್ಡು ಹಚ್ಚಿದ್ದಾರೆ: ಚಾಪೆ ಹಾಸುವಂತಿಲ್ಲ. ಅದನ್ನು ಓದಿದ ಶನಿವಾರ ಸಿರಾಜರು ಚಾಪೆಯ ಸುರುಳಿಯನ್ನು ಬಿಚ್ಚದೆ ಬಗಲಲ್ಲೇ ಇಟ್ಟುಕೊಂಡು, ಬರೀ ಕಾಂಕ್ರೀಟಿನ ಮೇಲೆ ಕುಳಿತು, ಗೆಳೆಯನ ಅಂಗೈಯನ್ನು ತಮ್ಮ ತೊಡೆಯ ಮೇಲೆ ಬಿಡಿಸಿಟ್ಟುಕೊಂಡರು.

"ಚೆಂಡು ಎಲ್ಲೈತಿ?" ಎಂದರು ನರಸಿಂಹರು.

"ಮಧ್ಯದಲ್ಲಿ. ಬೇ ಹತ್ತು. ಹೊರೆ ಎತ್ತು."