ತಮ್ಮನ ಪಾಲಿನ ಸಾಲು

ಅಮೆರಿಕದ ಸರಟೋಗಾದಲ್ಲಿ, ಒಂದು ಮನೆಯವರು ಹಳೆಯ ಸಾಮಾನು ಮಾರಲು ಇಟ್ಟಿದ್ದ ಗ್ಯಾರೇಜ್ ಸೇಲಿನಲ್ಲಿ ಮಗಳು ಹಳೆಯ ರೆಕಾರ್ಡುಗಳ ಪೆಟ್ಟಿಗೆ ಕೆದಕುತ್ತಿದ್ದಳು. ಅವಳ ವಯಸ್ಸಿನವರಿಗೆ ಈಗ ಮತ್ತೆ ರೆಕಾರ್ಡಿನ ಹುಚ್ಚು. ನಾನು ಪಕ್ಕದ ಮೇಜಿನ ಮೇಲಿದ್ದ ಪಿಂಗಾಣಿ ಬಟ್ಟಲೊಂದನ್ನು ತಿರುಗಿಸಿ ನೋಡುತ್ತಿದ್ದೆ.

"ಅಮ್ಮಾ, ಇದು ನೋಡು. ಸೋ ಕ್ಯೂಟ್!"

ರೆಕಾರ್ಡಿನ ಕವರಿನ ಮೇಲೆ ಐವರು ಅಣ್ಣತಮ್ಮಂದಿರು. ಬಣ್ಣಬಣ್ಣದ ಅಂಗಿ, ದುಂಡಗೆ ಬೆಳೆದ ಗುಂಗುರು ಕೂದಲು. ಮುಂದೆ ನಿಂತವನು ಎಲ್ಲರಿಗಿಂತ ಚಿಕ್ಕವನು. ನಾನು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟೆ.

ಇದೇ ರೆಕಾರ್ಡು ಮೈಸೂರಿನ ನಮ್ಮ ಮನೆಯಲ್ಲಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ತಂದದ್ದು. ಅಕ್ಕ, ಅಣ್ಣ, ನಾನು, ತಮ್ಮ, ಹೀಗೆ ನಾವು ನಾಲ್ವರು. ಅದನ್ನು ಕೇಳಿದ ವಾರದಲ್ಲೇ ಅಕ್ಕ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಡುಗಾರರನ್ನಾಗಿ ಮಾಡಿಬಿಟ್ಟಳು. ಇಂಗ್ಲಿಷು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಕಿವಿಗೆ ಬಿದ್ದ ಹಾಗೆ ಕೂಗುತ್ತಿದ್ದೆವು. ಮುಖ್ಯ ದನಿ ತಮ್ಮನದು. ಮೂರು ಜನ ಹಿಂದೆ ನಿಂತು ಹೆಜ್ಜೆ ಹಾಕುತ್ತ ಒತ್ತು ಕೊಡುತ್ತಿದ್ದರೆ, ಅವನು ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಹತ್ತಿಬಿಡುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮನ ಕೈ ನಿಲ್ಲುತ್ತಿತ್ತು.

ಬೀದಿಯ ಗಣೇಶನ ಪೆಂಡಾಲಿನಲ್ಲೂ ಒಮ್ಮೆ ಹಾಡಿದೆವು. ಮುಗಿದ ಮೇಲೆ ಎದುರುಮನೆಯ ಅಜ್ಜಿ ತಮ್ಮನ ಗಲ್ಲ ಹಿಡಿದು, "ಯಾವ ಭಾಷೆ ದೇವರನಾಮ ಮಗು ಇದು?" ಎಂದು ಕೇಳಿದರು.

"ಅಮೆರಿಕದ್ದು ಅಜ್ಜಿ," ಎಂದ ಅವನು, ಗಂಭೀರವಾಗಿ.

ಕೋವಿಡ್ಡಿನ ಎರಡನೆಯ ಅಲೆಯಲ್ಲಿ ತಮ್ಮ ಹೋದ. ನನಗೆ ಊರಿಗೆ ಹೋಗಲಾಗಲಿಲ್ಲ. ಇಲ್ಲಿ ಕ್ಯುಪರ್ಟಿನೋದ ನಮ್ಮ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲೇ ಎಲ್ಲವನ್ನೂ ನೋಡಿದೆ. ದೊಡ್ಡವನಾದ ಮೇಲಿನ ಅವನ ಮಾತು ಎಷ್ಟೋ ವಿಡಿಯೋಗಳಲ್ಲಿ ಇದೆ. ಆ ಮಗುವಿನ ದನಿ ಮಾತ್ರ ಎಲ್ಲೂ ಇಲ್ಲ. ಆಮೇಲೆ ಅಕ್ಕನಾಗಲಿ ಅಣ್ಣನಾಗಲಿ ಹಾಡಿನ ಸುದ್ದಿ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಅದೇ ಸಂಜೆ ಮಗಳು ಕೊಂಡು ತಂದ ರೆಕಾರ್ಡು ಹಾಕಲು ಕುಳಿತಾಗ ನಾನು ಇಬ್ಬರಿಗೂ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಭಾನುವಾರದ ಬೆಳಗ್ಗೆ. ಮೈಸೂರಿನಲ್ಲಿ ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಬೆಂಗಳೂರಿನಲ್ಲಿ ಅಣ್ಣನ ಕೈಯಲ್ಲಿ ಕಾಫಿ ಲೋಟ. ಕವರನ್ನು ಫೋನಿನ ಮುಂದೆ ಹಿಡಿದೆ. ಅಣ್ಣ ಲೋಟ ಕೆಳಗಿಟ್ಟ.

ಅಕ್ಕ, "ಹಾಕೇ, ನೋಡೋಣ," ಎಂದಳು.

ಹಾಡು ಶುರುವಾಯಿತು. ನಾನು ಬಾಯಿ ತೆರೆದೆ, ಅಣ್ಣನೂ ಸೇರಿಕೊಂಡ. ಆದರೆ ಅವನ ದನಿ ನನ್ನನ್ನು ಮುಟ್ಟುವಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ.

"ಏ, ತಾಳೇ! ನಿಂದು ಓಡ್ತಾ ಇದೆ," ಎಂದ ಅಣ್ಣ.

"ನಾನೆಲ್ಲಿ ಓಡ್ತೀನೋ? ನೀನೇ ಹಿಂದೆ ಬೀಳ್ತಿರೋದು."

ನಗು ಬಂತು. ಎಷ್ಟು ಸಲ ಶುರು ಮಾಡಿದರೂ ಮೂರು ದನಿ ಕೂಡಲಿಲ್ಲ. ಅಷ್ಟರಲ್ಲಿ ಅಕ್ಕ ಎದ್ದುಬಿಟ್ಟಳು. ಫೋನನ್ನು ಯಾವುದಕ್ಕೋ ಒರಗಿಸಿಟ್ಟಿದ್ದಳು, ನಮಗೆ ಕಾಣುತ್ತಿದ್ದದ್ದು ಅವಳ ಸೊಂಟದ ಸೆರಗು ಮಾತ್ರ. ಅದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗತೊಡಗಿತು. ಮಂಡಿನೋವಿನ ಅಕ್ಕ ಹಳೆಯ ಹೆಜ್ಜೆ ಹಾಕುತ್ತಿದ್ದಳು.

ಆಗ ತಮ್ಮನ ಸಾಲು ಬಂತು. ಯಾರೂ ಹೇಳದೆಯೇ ನಾವು ಸುಮ್ಮನಾದೆವು. ರೆಕಾರ್ಡಿನ ಹುಡುಗನೊಬ್ಬನೇ ಹಾಡಿದ.

"ವೈ ಡಿಡ್ ಯು ಆಲ್ ಸ್ಟಾಪ್?" ಎಂದು ಮಗಳು ಕೇಳಿದಳು.

ಅಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಅದು ನಿನ್ನ ಚಿಕ್ಕ ಮಾವಂದು ಕಣಮ್ಮ. ಅಲ್ಲಿ ನಾವು ಹಾಡೋ ಹಾಗಿಲ್ಲ," ಎಂದ.

ಅಕ್ಕ ಮುಖ ತೋರಿಸಲಿಲ್ಲ. "ಇನ್ನೊಂದ್ಸಲ ಹಾಕು," ಎಂದಿತು ಅವಳ ದನಿ.

ಅವಳ ಮನೆಗೆ ಯಾರೋ ಬಂದು ಬಾಗಿಲು ಬಡಿಯುವವರೆಗೂ ಹಾಕಿದೆ. ಕಾಲ್ ಮುಗಿದ ಮೇಲೂ ಅದನ್ನೇ ಹಾಕುತ್ತ ನೆಲದ ಮೇಲೆ ಕುಳಿತಿದ್ದೆ. ಆ ಹುಡುಗನ ದನಿ ಮೇಲೇರುವಾಗ ಒಂದು ಕ್ಷಣ ಅದು ನಮ್ಮವನದೇ ಅನ್ನಿಸುತ್ತಿತ್ತು. ಉಸಿರು ಬಿಗಿಹಿಡಿದು ಕೇಳಿದರೆ, ಮರುಕ್ಷಣವೇ ಯಾರದೋ ಮನೆಯ ಮಗುವಾಗಿಬಿಡುತ್ತಿತ್ತು.

ಮಗಳು ಪಕ್ಕ ಬಂದು ಕುಳಿತಳು. "ಮಾವ ಹೇಗೆ ಹಾಡ್ತಿದ್ರು, ಅಮ್ಮಾ?" ಎಂದಳು, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ.

ಹಾಡಿ ತೋರಿಸಲು ಹೋದೆ. ಆ ಸ್ವರ ನನ್ನ ಗಂಟಲಿಗೆ ಸಿಗಲಿಲ್ಲ.