ಕಣ್ಣು ಮುಚ್ಚಿದ ಫೋಟೋಗಳು

ಮಳವಳ್ಳಿಯ ಸುತ್ತಮುತ್ತ ಅಫ್ಸರ್ ಪಾಷಾನ ಕೈಲಿ ಬೈಸಿಕೊಳ್ಳದೆ ಮದುವೆಯಾದವರು ಕಡಿಮೆ. ತಾಳಿ ಕಟ್ಟುವ ಗಂಡಿರಲಿ, ಮಂತ್ರ ಹೇಳುವ ಪುರೋಹಿತರಿರಲಿ, ಕ್ಯಾಮೆರಾ ಎತ್ತಿದ ಮೇಲೆ ಅವನಿಗೆ ಎಲ್ಲರೂ ಒಂದೇ. "ಕಣ್ಣು! ಕಣ್ ಬುಡಿ! ನಿದ್ದೆ ಮಾಡಕ್ಕೆ ಬಂದಿದ್ದೀರಾ?" ಎಂದು ಛತ್ರಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದ. ಜನ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವನ ಆಲ್ಬಮ್ಮಿನಲ್ಲಿ ಕಣ್ಣು ಮುಚ್ಚಿದ ಮುಖ ಒಂದೂ ಇರುವುದಿಲ್ಲ ಎನ್ನುವುದೇ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ಸ್ಟುಡಿಯೋ ಗಳಿಸಿದ್ದ ಹೆಸರು. ರೀಲಿನ ಕಾಲದಲ್ಲಿ ಒಂದು ಫೋಟೋ ಹಾಳಾದರೆ ಅವನ ಹೊಟ್ಟೆ ಉರಿಯುತ್ತಿತ್ತು. ರೀಲು ಹೋದರೂ ಆ ಹಟ ಹೋಗಲಿಲ್ಲ.

ಹಟಕ್ಕೆ ಮೊದಲು ಸಿಕ್ಕಿಬಿದ್ದವಳು ಒಬ್ಬಳೇ ಮಗಳು ಆಮ್ನಾ. ಹೊಸ ಲೆನ್ಸು ಬರಲಿ, ಹೊಸ ಲೈಟು ಬರಲಿ, ಸ್ಟೂಲಿನ ಮೇಲೆ ಕೂರಬೇಕಾದವಳು ಅವಳೇ. ಕಷ್ಟವೇನೆಂದರೆ ಆಮ್ನಾ ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಕೆನ್ನೆ ಮೇಲೇರಿ, ಕಣ್ಣಿದ್ದ ಕಡೆ ಎರಡು ಗೆರೆ ಉಳಿಯುತ್ತಿದ್ದವು. "ಕಣ್ಣು!" ಎಂದು ಅಪ್ಪ ಗದರಿದ ಕೂಡಲೇ ನಗು ನುಂಗಿಕೊಂಡು ಕಣ್ಣರಳಿಸುತ್ತಿದ್ದಳು. ಆಗ ಅವನು ಕ್ಲಿಕ್ಕಿಸುತ್ತಿದ್ದ. ಇದೇ ರೂಢಿಯಾಗಿ, ಗೆಳತಿಯರು ಮೊಬೈಲ್ ಎತ್ತಿದರೂ ಅವಳು ನಗು ನಿಲ್ಲಿಸುತ್ತಿದ್ದಳು, ಇಲ್ಲವೇ ಅಂಗೈ ಅಡ್ಡ ಹಿಡಿಯುತ್ತಿದ್ದಳು.

ಡಿಗ್ರಿ ಮುಗಿಸಿದ ವರ್ಷ ಟ್ಯಾಬು ತರಿಸಿದವಳೂ ಅವಳೇ. ಆಟದ ಸಾಮಾನಿಗೆ ದುಡ್ಡು ದಂಡ ಎಂದು ಅಫ್ಸರ್ ಮೂಗು ಮುರಿದ. ಪ್ರಯೋಜನ ಕಂಡಮೇಲೆ, ಎಲ್ಲ ತನ್ನದೇ ಐಡಿಯಾ ಎಂದು ಮದ್ದೂರಿನವರೆಗೂ ಹೇಳಿಕೊಂಡು ಬಂದ. ಮಂಟಪದಲ್ಲಿ ಅವನು ತೆಗೆದ ಫೋಟೋ ಮರುಕ್ಷಣವೇ ಛತ್ರದ ಮೂಲೆಯಲ್ಲಿ ಕೂತ ಆಮ್ನಾಳ ಟ್ಯಾಬಿನಲ್ಲಿ ಮೂಡುತ್ತಿತ್ತು. ಅವಳು ಒಳ್ಳೆಯದಕ್ಕೆ ನಕ್ಷತ್ರ ಹಾಕಿ, ಕಣ್ಣು ಮುಚ್ಚಿದ್ದನ್ನು ಅಲ್ಲೇ ಅಳಿಸುತ್ತಿದ್ದಳು. ಯಾವುದಾದರೂ ಅಜ್ಜನ ಕಣ್ಣು ಎಲ್ಲದರಲ್ಲೂ ಮುಚ್ಚಿದ್ದರೆ, ಟ್ಯಾಬಿನ ಪೆನ್ನು ಹಿಡಿದು ಮುಖ ತಿದ್ದಿ ಕಣ್ಣು ತೆರೆಸುತ್ತಿದ್ದಳು. ಆ ಕೆಲಸವನ್ನು ಅಪ್ಪನಿಗೂ ಕಲಿಸಿದಳು. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನು ಆಗಾಗ ಖಾಲಿ ಮಾಡುವುದನ್ನೂ ಕಲಿಸಿದಳು. "ಜಾಗ ಸಾಲಲ್ಲ ಅಬ್ಬೂ, ಕಸ ಇಟ್ಕೋಬಾರ್ದು" ಎನ್ನುತ್ತಿದ್ದಳು.

ಮದುವೆ ಶುರುವಾಗುವ ಮುಂಚೆ ಬೆಳಕು ಸರಿಯಿದೆಯೇ ಎಂದು ನೋಡಲು ಮೊದಲ ಫೋಟೋ ಅವಳದೇ. ಒಮ್ಮೊಮ್ಮೆ ಅವಳು ನಗುತ್ತಿದ್ದಾಗಲೇ ಕ್ಲಿಕ್ ಆಗಿಬಿಡುತ್ತಿತ್ತು. "ಅಯ್ಯೋ, ಕಣ್ಣೇ ಇಲ್ಲ!" ಎಂದು ಅದನ್ನೂ ತಾನೇ ಅಳಿಸುತ್ತಿದ್ದಳು. ಅಫ್ಸರ್ ತಡೆದವನಲ್ಲ. ಮಗಳು ಕೆಲಸ ಕಲಿತಳು ಎಂದು ಹೆಮ್ಮೆಪಟ್ಟವನು ಅವನು.

ಹೋದ ಮಳೆಗಾಲದಲ್ಲಿ ಆಮ್ನಾಗೆ ಜ್ವರ ಬಂತು. ಡೆಂಗಿ ಎಂದರು. ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ ಓಡಾಡಿದರು. ಹುಡುಗಿ ಉಳಿಯಲಿಲ್ಲ.

ನಲವತ್ತನೇ ದಿನದ ಫಾತಿಹಾ ಮುಗಿಸಿ ನೆಂಟರು ಹೊರಟ ಮೇಲೆ ಅವಳ ತಾಯಿ ಜೈನಾಬ್ ಬೀ ಗಂಡನ ಎದುರು ಬಂದು ಕೂತಳು. ನಮಾಜು ಮಾಡುವ ಮನೆ ಎಂದು ಗೋಡೆಗೆ ಒಂದು ಫೋಟೋ ಹಾಕಲೂ ಬಿಡದಿದ್ದ ಹೆಂಗಸು ಅವಳು.

"ಗೋಡೆಗಲ್ಲ, ನನ್ನ ಕೈಲಿ ಹಿಡ್ಕೊಳ್ಳೋಕೆ. ಅವಳು ನಗ್ತಿರೋದು ಒಂದು ಕೊಡಿ."

ಅಫ್ಸರ್ ಟ್ಯಾಬು ತೆರೆದು ಕೊಟ್ಟ. ಬೇಕಾದಷ್ಟು ಆಮ್ನಾ ಇದ್ದಳು. ಹಬ್ಬದ ಬಟ್ಟೆಯಲ್ಲಿ, ಕಾಲೇಜಿನ ಗೇಟಿನಲ್ಲಿ, ಸ್ಟೂಲಿನ ಮೇಲೆ. ಎಲ್ಲ ಕಡೆಯೂ ಬಿಗಿದ ತುಟಿ, ಅಗಲವಾಗಿ ತೆರೆದ ಕಣ್ಣು. ಜೈನಾಬ್ ಬೀ ಒಂದೊಂದಾಗಿ ಸರಿಸಿ, ಕೊನೆಗೆ ಟ್ಯಾಬನ್ನು ಅವನ ಕಡೆ ತಳ್ಳಿದಳು.

"ಇದೆಲ್ಲ ನೀವು ಬೈದಾಗಿನ ಮುಖ. ನನ್ನ ಮಗಳು ಎಲ್ಲಿ?"

ಅಫ್ಸರ್ ಮರುದಿನದಿಂದ ಹುಡುಕತೊಡಗಿದ. ಟ್ಯಾಬಿನ ಬುಟ್ಟಿ ಖಾಲಿ. ಅವಳು ಕಲಿಸಿದಂತೆ ಅವನೇ ಖಾಲಿ ಮಾಡಿದ್ದ. ಅಳಿಸಿದ್ದನ್ನು ತೆಗೆದುಕೊಡುವವನೊಬ್ಬ ಮೈಸೂರಿನಲ್ಲಿದ್ದಾನೆಂದು ಕೇಳಿ ಕ್ಯಾಮೆರಾದ ಕಾರ್ಡುಗಳನ್ನೆಲ್ಲ ಒಯ್ದ. ಹಳೆಯದರ ಮೇಲೆ ಹೊಸ ಮದುವೆಗಳು ಕೂತುಬಿಟ್ಟಿವೆ, ಏನೂ ಸಿಗುವುದಿಲ್ಲ ಎಂದು ಅವನು ಕೈಚೆಲ್ಲಿದ. ಗೆಳತಿ ಫಾಯಿಜಾಳ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಆಮ್ನಾ ಬಿದ್ದು ಬಿದ್ದು ನಗುವುದು ಕೇಳುತ್ತದೆ, ಕಾಣುವುದು ಮಾತ್ರ ಅವಳ ಅಂಗೈ. ಜೈನಾಬ್ ಬೀ ಅದನ್ನು ನೋಡುವುದಿಲ್ಲ. ಕಿವಿಗೆ ಒತ್ತಿ ಹಿಡಿದುಕೊಳ್ಳುತ್ತಾಳೆ.

ಒಂದು ಮಧ್ಯಾಹ್ನ ಅಫ್ಸರ್ ಸ್ಟುಡಿಯೋ ಬಾಗಿಲು ಹಾಕಿಕೊಂಡು ಪೆನ್ನು ಕೈಗೆತ್ತಿಕೊಂಡ. ತೆರೆಸುವುದು ಬರುತ್ತದೆ ಎಂದಮೇಲೆ ಮುಚ್ಚಿಸುವುದೇನು ಮಹಾ ಎಂದುಕೊಂಡ. ಮಗಳ ಫೋಟೋ ಒಂದನ್ನು ದೊಡ್ಡದು ಮಾಡಿ, ರೆಪ್ಪೆಗಳನ್ನು ನಿಧಾನಕ್ಕೆ ಕೆಳಗಿಳಿಸಿದ. ಕೆನ್ನೆಯನ್ನು ಮೇಲೆತ್ತಿ, ತುಟಿಯನ್ನು ಇಷ್ಟೇ ಅಗಲಿಸಿ, ದೂರ ಹಿಡಿದು ನೋಡಿದ. ಅದು ನಗುತ್ತಿರಲಿಲ್ಲ. ಮಣ್ಣು ಮಾಡುವ ಮುಂಚೆ ಕಫನ್ನಿನ ಬಟ್ಟೆ ಸರಿಸಿ ಕಡೆಯ ಸಲ ತೋರಿಸಿದ್ದರಲ್ಲ, ಆ ಮುಖವಾಗಿತ್ತು. ಮಾಡಿದ್ದನ್ನೆಲ್ಲ ಅಳಿಸಿ, ಟೇಬಲ್ಲಿಗೆ ಹಣೆ ಕೊಟ್ಟು ಅತ್ತ. ಊರಿಗೆಲ್ಲ ಕಣ್ಣು ಬಿಡಿ ಎಂದು ಹೇಳಿದ ನನ್ನ ಬಾಯಿಗೆ ಮಣ್ಣು ಬೀಳಲಿ ಎಂದು ತನ್ನನ್ನೇ ಶಪಿಸಿಕೊಂಡ.

ಒಪ್ಪಿಕೊಂಡಿದ್ದ ಮದುವೆಯೊಂದು ಭಾರತೀನಗರದಲ್ಲಿತ್ತು. ಹೋಗದೆ ವಿಧಿಯಿರಲಿಲ್ಲ. ಹುಡುಗಿಯ ಹೆಸರು ದೀಪಿಕ. ಆರತಕ್ಷತೆಯಲ್ಲಿ ಗೆಳತಿ ಕಿವಿಯಲ್ಲಿ ಏನೋ ಅಂದದ್ದಕ್ಕೆ ಅವಳು ಕಣ್ಣು ಮುಚ್ಚಿ ನಕ್ಕಳು. ಅಫ್ಸರ್ ಕೂಗಲಿಲ್ಲ, ಕ್ಲಿಕ್ಕಿಸಿದ. ಆಮೇಲೆ ಮೂಲೆಯಲ್ಲಿ ತಾನೇ ಟ್ಯಾಬು ಹಿಡಿದು ಕೂತ. ಹುಡುಗಿಯ ತಾಯಿ ನಾಗಶ್ರೀ ಬಂದು ಬಗ್ಗಿದಳು.

"ಇದೇನ್ ಸಾಬ್ರೇ, ಕಣ್ಣೇ ಮುಚ್ಚವ್ಳೆ! ತೆಗ್ದಾಕಿ."

"ಇರ್ಲಿ ಬುಡವ್ವ."

"ನೀವೇ ಇಂಗಂದ್ರೆ ಎಂಗೆ? ನಿಮ್ ಆಲ್ಬಮ್ಮು ಚೆಂದಾಗಿರ್ತದೆ ಅಂತ ತಾನೆ ನಿಮ್ನ ಕರ್ಸಿದ್ದು?"

"ಚೆಂದಾಗೇ ಅದೆ ಕಣವ್ವ. ಮನೇಲಿ ನಗಾದೇ ಇಂಗಲ್ವಾ ನಿಮ್ ಮಗ್ಳು? ಇಟ್ಕೊಳ್ಳವ್ವ, ನಿನ್ ಕಾಲಿಗ್ ಬೀಳ್ತೀನಿ."

ಅವನ ದನಿ ಕೇಳಿ ನಾಗಶ್ರೀ ಗಾಬರಿಯಾದಳು. ಅಷ್ಟರಲ್ಲಿ ದೀಪಿಕಳೇ ಬಂದು ಇಣುಕಿದಳು. "ಅಯ್ಯೋ, ಕಣ್ಣೇ ಇಲ್ಲ!" ಎಂದು ನಕ್ಕು, ಮೆಹೆಂದಿ ಹಚ್ಚಿದ ಬೆರಳಿನಿಂದ ಒತ್ತಿ ಅಳಿಸಿದಳು. ಅಫ್ಸರ್ ಅವಳ ಬೆರಳನ್ನೇ ನೋಡುತ್ತಿದ್ದ. ಅವಳು ಸೀರೆ ಎತ್ತಿಕೊಂಡು ಗಂಡನ ಪಕ್ಕಕ್ಕೆ ಓಡಿದ ಮೇಲೆ, ಬುಟ್ಟಿಗೆ ಬಿದ್ದಿದ್ದ ಫೋಟೋವನ್ನು ವಾಪಸ್ಸು ತೆಗೆದ.

ಈಗ ಆ ಟ್ಯಾಬಿನಲ್ಲಿ ಒಂದು ಫೋಲ್ಡರು ಇದೆ. ಅದಕ್ಕೆ ಆಮ್ನಾ ಎಂದು ಹೆಸರಿಟ್ಟಿದ್ದಾನೆ. ಮದುವೆಮನೆಯವರು ಬೇಡವೆಂದ, ಕಣ್ಣು ಮುಚ್ಚಿ ನಕ್ಕ ಹೆಣ್ಣುಮಕ್ಕಳೆಲ್ಲ ಅದರಲ್ಲಿದ್ದಾರೆ. ಯಾವ ಊರು, ಯಾರ ಮಗಳು ಎಂದು ಒಂದೊಂದಕ್ಕೂ ಬರೆದಿದ್ದಾನೆ, ಯಾರಾದರೂ ಕೇಳಿಕೊಂಡು ಬಂದರೆ ತಡಕಾಡುವಂತಾಗಬಾರದು ಎಂದು. ಯಾರೂ ಕೇಳಿಕೊಂಡು ಬಾರದಿರಲಿ ಎಂದು ನಮಾಜಿನ ಕೊನೆಗೆ ಬೇಡಿಕೊಳ್ಳುತ್ತಾನೆ.

ಜೈನಾಬ್ ಬೀ ಆಗಾಗ ಟ್ಯಾಬು ಇಸಕೊಂಡು ಆ ಫೋಲ್ಡರು ತೆರೆಯುತ್ತಾಳೆ. ಯಾರ್ಯಾರದೋ ಮಕ್ಕಳು ನಗುವುದನ್ನು ನೋಡುತ್ತಾಳೆ. ಆಮ್ನಾ ಅದರಲ್ಲಿಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಪ್ರತಿಸಲ ಕೊನೆಯ ಫೋಟೋದವರೆಗೆ ಸರಿಸುತ್ತಾಳೆ.